ಮಿ-26: 1/72 ಅಳತೆಯಲ್ಲಿ ಭಾರವನ್ನು ಕಾಣಿಸಿದ ಬಗೆ

ಭಾರತೀಯ ವಾಯುಪಡೆಯ ಮಿ-26 ಹೆಲಿಕಾಪ್ಟರಿನ ಮಾದರಿಯನ್ನು 1/72 ಅಳತೆಯಲ್ಲಿ, ಅಂದರೆ ನಿಜದ ಎಪ್ಪತ್ತೆರಡನೇ ಒಂದರಷ್ಟು ಗಾತ್ರದಲ್ಲಿ ಕಟ್ಟಲು ಕುಳಿತಾಗ ನಾನು ಮೊದಲು ನಿರ್ಧರಿಸಿಕೊಂಡದ್ದು ಒಂದೇ ವಿಷಯ: ನೋಡುವವರಿಗೆ ಅದರ ಉದ್ದಗಲಕ್ಕಿಂತ ಮುಂಚೆ ಅದರ ಭಾರ ಕಾಣಬೇಕು. ಖಾಲಿ ಇದ್ದಾಗಲೇ 28 ಟನ್ ತೂಗುವ, 20 ಟನ್‌ವರೆಗೆ ಸರಕು ಹೊರಬಲ್ಲ, ಇಂಧನವೂ ಸೇರಿ ಗರಿಷ್ಠ 56 ಟನ್ ತೂಕದೊಂದಿಗೆ ನೆಲ ಬಿಟ್ಟೇಳುವ ಯಂತ್ರವಿದು. ಸೋವಿಯತ್ ಒಕ್ಕೂಟದಲ್ಲಿ 1977ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ಹಾರಿದ ಇದು 1986ರಲ್ಲಿ ನಮ್ಮ ವಾಯುಪಡೆಗೆ ಬಂದು, ಚಂಡೀಗಢದ 126ನೇ ಹೆಲಿಕಾಪ್ಟರ್ ಘಟಕದಲ್ಲಿ ನೆಲೆಸಿತು. 2013ರ ಪ್ರಳಯದ ನಂತರ ಕೇದಾರನಾಥದ ಪುನರ್ನಿರ್ಮಾಣಕ್ಕೆ ಭಾರೀ ಯಂತ್ರಗಳನ್ನು ಹೊತ್ತೊಯ್ದದ್ದೂ ಇದೇ ಹೆಲಿಕಾಪ್ಟರ್. ಹಾಗಾಗಿ ಹಿಂಬಾಗಿಲು ತೆರೆದು, ಒಳಗೊಂದು ಬುಲ್ಡೋಜರ್ ನಿಂತಿರುವಂತೆ ಕಟ್ಟಲು ನಿಶ್ಚಯಿಸಿದೆ.

ನಾನು ಆರಿಸಿಕೊಂಡದ್ದು ರಷ್ಯಾದ ಜ್ವೆಜ್ದಾ ಕಂಪನಿಯ ಪ್ಲಾಸ್ಟಿಕ್ ಕಿಟ್. ಈ ಅಳತೆಯಲ್ಲಿ ಒಡಲೊಂದೇ ಸುಮಾರು 47 ಸೆಂ.ಮೀ. ಉದ್ದವಾಗುತ್ತದೆ, 32 ಮೀಟರ್ ವ್ಯಾಸದ ರೋಟರ್ (ಮೇಲೆ ತಿರುಗುವ ಬ್ಲೇಡುಗಳ ಚಕ್ರ) 44 ಸೆಂ.ಮೀ.ಗೆ ಇಳಿಯುತ್ತದೆ. ಇಷ್ಟು ಉದ್ದದ ಒಡಲಿನ ಎರಡು ಹೋಳುಗಳನ್ನು ಒಂದೇ ಸಲಕ್ಕೆ ಅಂಟಿಸುವುದು ಸರಿಯಲ್ಲ. ಮೂಗಿನಿಂದ ಆರಂಭಿಸಿ ಬೆರಳುದ್ದದಷ್ಟು ಅಂಟಿಸಿ, ಟೇಪಿನಿಂದ ಬಿಗಿದು, ಅದು ಒಣಗಿದ ಮೇಲೆ ಮುಂದಿನ ತುಂಡಿಗೆ ಹೋದರೆ ಬಾಲ ಸೊಟ್ಟಗಾಗುವುದಿಲ್ಲ. ಒಡಲನ್ನು ಮುಚ್ಚುವ ಮೊದಲೇ ಕಾಕ್‌ಪಿಟ್ಟಿನ ನೆಲದಡಿಯಲ್ಲಿ, ಹೊರಗೆ ಕಾಣದ ಜಾಗದಲ್ಲೆಲ್ಲ, ಮೀನಿನ ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳನ್ನು ಎಪಾಕ್ಸಿ ಅಂಟಿನಲ್ಲಿ ಕೂರಿಸಿದೆ. ಉದ್ದನೆಯ ಬಾಲವಿರುವ ಈ ಮಾದರಿ ಮೂಗಿನ ಚಕ್ರವನ್ನು ನೆಲಕ್ಕೂರಿ ನಿಲ್ಲಬೇಕಾದರೆ ಮುಂಭಾಗದಲ್ಲಿ ತೂಕ ಇರಲೇಬೇಕು.

ನನ್ನ ಹೆಚ್ಚಿನ ಶ್ರಮವೆಲ್ಲ ರೋಟರಿಗೆ ಹೋಯಿತು, ಮತ್ತು ಹೋಗಬೇಕಾದದ್ದೂ ಅಲ್ಲಿಗೇ ಎಂದು ನನ್ನ ಅಭಿಪ್ರಾಯ. ಮಿ-26ರ ಮುಖ್ಯ ರೋಟರಿಗೆ ಎಂಟು ಬ್ಲೇಡುಗಳಿವೆ. ಅವು ನಿಮಿಷಕ್ಕೆ 132 ಸುತ್ತು ತಿರುಗುವಾಗ ಕೇಂದ್ರಾಪಗಾಮಿ ಬಲ ಅವುಗಳನ್ನು ಹೊರಕ್ಕೆ ಸೆಟೆದು ಹಿಡಿಯುತ್ತದೆ. ನಿಂತಾಗ ಆ ಬಲವಿಲ್ಲದೆ, ತಮ್ಮ ತೂಕಕ್ಕೆ ತಾವೇ ಜೋತುಬೀಳುತ್ತವೆ. ಈ ಜೋತು ಸರಿಯಾಗಿ ಬಂದರೆ ಮಾದರಿಗೆ ಅರ್ಧ ಜೀವ ಬಂದಂತೆ. ಹಲವರು ಬ್ಲೇಡಿನ ತುದಿಯನ್ನು ಮಾತ್ರ ಕೆಳಕ್ಕೆ ಬಗ್ಗಿಸುತ್ತಾರೆ, ಆದರೆ ಭೌತಶಾಸ್ತ್ರ ಬೇರೆಯದನ್ನೇ ಹೇಳುತ್ತದೆ. ತುದಿಯಾಚೆ ಎಳೆಯುವ ತೂಕವೇ ಇಲ್ಲದ್ದರಿಂದ ಅಲ್ಲಿ ಬಾಗು ತೀರಾ ಕಡಿಮೆ. ಬುಡದ ಕಡೆಯ ಅರ್ಧದಲ್ಲಿ ಬ್ಲೇಡು ಹೆಚ್ಚು ಬಾಗಿ, ಹೊರಗಿನ ಅರ್ಧ ಇಳಿಜಾರಾಗಿಯೂ ಬಹುಮಟ್ಟಿಗೆ ನೇರವಾಗಿಯೂ ಇರುತ್ತದೆ. ನಿಂತ ಹೆಲಿಕಾಪ್ಟರನ್ನು ಪಕ್ಕದಿಂದ ತೆಗೆದ ಚಿತ್ರಗಳಲ್ಲಿ, ಹಬ್ಬಿನ (ಬ್ಲೇಡುಗಳ ಬುಡಗಳು ಸೇರುವ ನಡುಭಾಗದ) ಎತ್ತರಕ್ಕೂ ಬ್ಲೇಡಿನ ತುದಿಯ ಎತ್ತರಕ್ಕೂ ಇರುವ ಅಂತರವನ್ನು ಅಳೆದು, ಅದನ್ನು ಒಡಲಿನ ಎತ್ತರದೊಂದಿಗೆ ಹೋಲಿಸಿ ನನ್ನ ಅಳತೆಗೆ ಇಳಿಸಿಕೊಂಡೆ. ಆ ರೇಖೆಗೆ ಸರಿಯಾಗಿ ಒಂದು ಮರದ ಪಟ್ಟಿಯನ್ನು ಕೆತ್ತಿ, ಬ್ಲೇಡನ್ನು ಅದಕ್ಕೆ ಕಟ್ಟಿ, ಕುದಿಯುವುದಕ್ಕೆ ಸ್ವಲ್ಪ ಮುಂಚಿನ ಬಿಸಿನೀರಿನಲ್ಲಿ ಅದ್ದಿ, ಕೂಡಲೇ ತಣ್ಣೀರಿಗೆ ಹಾಕಿದೆ. ಎಂಟಕ್ಕೂ ಒಂದೇ ಅಚ್ಚು ಬಳಸಿದ್ದರಿಂದ ಎಂಟೂ ಒಂದೇ ರೀತಿ ಬಾಗಿದವು. ಹಬ್ಬಿನ ಮೇಲಿನ ಹೈಡ್ರಾಲಿಕ್ ಕೊಳವೆಗಳಿಗೆ ಹಳೆಯ ಟ್ರಾನ್ಸ್‌ಫಾರ್ಮರಿನ ಸಣ್ಣ ತಾಮ್ರದ ತಂತಿ ಸಾಕಾಯಿತು.

ಚಕ್ರಗಳೂ ಭಾರದ ಕಥೆಯನ್ನೇ ಹೇಳುತ್ತವೆ. ಪ್ರತಿ ಟೈರಿನ ಅಡಿಯನ್ನು ಎಮರಿ ಕಾಗದದ ಮೇಲೆ ಉಜ್ಜಿ ಚಪ್ಪಟೆ ಮಾಡಿ, ನೆಲ ಮುಟ್ಟುವಲ್ಲಿ ಪಕ್ಕಗಳು ತುಸು ಉಬ್ಬುವಂತೆ ಪುಟ್ಟಿ ಹಚ್ಚಿದೆ. ಹೆಚ್ಚು ಉಬ್ಬಿದರೆ ಪಂಕ್ಚರಾದಂತೆ ಕಾಣುವುದರಿಂದ ಇಲ್ಲಿ ಸಂಯಮ ಬೇಕು.

ನಿಜವಾದ ಸರಕು ಕೋಣೆ 12 ಮೀಟರ್ ಉದ್ದವಿದ್ದು, ಮಾದರಿಯಲ್ಲಿ ಅದು 17 ಸೆಂ.ಮೀ.ಗಿಂತ ತುಸು ಕಡಿಮೆ. ಬುಲ್ಡೋಜರನ್ನು ಬಾಗಿಲ ಹತ್ತಿರ ನಿಲ್ಲಿಸಿದರೆ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಅಷ್ಟು ಭಾರದ ವಸ್ತುವನ್ನು ರೋಟರಿನ ಕಂಬದ ಅಡಿಗೆ ಹತ್ತಿರವಾಗಿ ಇಡದಿದ್ದರೆ ಹೆಲಿಕಾಪ್ಟರಿನ ಸಮತೋಲ ಕೆಡುತ್ತದೆ. ಆದ್ದರಿಂದ ಅದನ್ನು ಒಳಕ್ಕೇ ಸರಿಸಿ, ಹೊಸೆದ ತಂತಿಯ ಸರಪಳಿಗಳಿಂದ ನಾಲ್ಕು ಮೂಲೆಗೂ ಬಿಗಿದೆ.

ಬಣ್ಣದ ವಿಷಯದಲ್ಲಿ ಒಂದೇ ಹೆಲಿಕಾಪ್ಟರಿನ, ಒಂದೇ ಕಾಲದ ಚಿತ್ರಗಳನ್ನಷ್ಟೇ ನಂಬಬೇಕೆಂಬುದು ನನ್ನ ನಿಯಮ, ಏಕೆಂದರೆ ಮರುಬಣ್ಣವಾದಾಗ ಛಾಯೆಗಳು ಬದಲಾಗುತ್ತವೆ. ಎಂಜಿನ್ ಹೊಗೆಕೊಳವೆಗಳ ಹಿಂದಿನ ಮಸಿಯನ್ನು ತೀರಾ ತೆಳುವಾದ ಕಪ್ಪು-ಕಂದು ಬಣ್ಣದಿಂದ, ಗಾಳಿಯೊತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ಷಿನಲ್ಲಿ ಹಲವು ಪದರಗಳಾಗಿ ತಂದೆ. ವಾಯುಪಡೆಯ ವೃತ್ತಲಾಂಛನಗಳನ್ನು ನಾನೇ ಮುದ್ರಿಸಿಕೊಂಡೆ: ಹೊರಗೆ ಕೇಸರಿ, ನಡುವೆ ಬಿಳಿ, ಕೇಂದ್ರದಲ್ಲಿ ಹಸಿರು. ಸಾಮಾನ್ಯ ಪ್ರಿಂಟರ್ ಬಿಳಿಯನ್ನು ಮುದ್ರಿಸಲಾರದು. ಹಾಗಾಗಿ ಬಿಳಿ ಡೆಕಾಲ್ ಕಾಗದ (ನೀರಿನಲ್ಲಿ ನೆನೆಸಿದಾಗ ಚಿತ್ರದ ಪದರ ಬಿಡಿಸಿಕೊಳ್ಳುವ ಕಾಗದ) ಬಳಸಿ, ವೃತ್ತವನ್ನು ಅಂಚಿಗೆ ಸರಿಯಾಗಿ ಕತ್ತರಿಸಿ, ನೀರಿಗೆ ಹಾಕುವ ಮೊದಲು ಎರಡು ಪದರ ವಾರ್ನಿಷ್ ಹೊಡೆದೆ. ಮಳೆಗಾಲದ ತೇವದಲ್ಲಿ ವಾರ್ನಿಷ್ ಮಂಜಾಗುವುದರಿಂದ ಈ ಕೆಲಸವನ್ನು ಒಣಹವೆಯ ಮಧ್ಯಾಹ್ನಗಳಿಗೆ ಮೀಸಲಿಟ್ಟೆ.

ರೋಟರನ್ನು ಒಡಲಿಗೆ ಅಂಟಿಸಲಿಲ್ಲ. ಕಂಬದ ಜಾಗದಲ್ಲಿ ಒಂದು ಹಿತ್ತಾಳೆ ಕೊಳವೆ, ಅದರೊಳಗೆ ಸರಿಯುವ ಇನ್ನೊಂದು ಸಣ್ಣ ಕೊಳವೆ ಇಟ್ಟಿದ್ದೇನೆ. ಬೇರೆಡೆಗೆ ಒಯ್ಯುವಾಗ ಎಂಟು ಬ್ಲೇಡುಗಳ ಚಕ್ರವನ್ನು ಮೇಲಕ್ಕೆ ಎತ್ತಿ ತೆಗೆದು, ಥರ್ಮೋಕೋಲಿನಲ್ಲಿ ಅದಕ್ಕೆಂದೇ ಕೊರೆದ ಗುಳಿಯಲ್ಲಿ ಬೇರೆಯಾಗಿ ಇಡುತ್ತೇನೆ.