ಉಸಿರು ಸಿಗದವರ ಹತ್ತಿರ ಸಹಿ ಕೇಳುವ ಕೆಲಸ

ರಾತ್ರಿ 2 ಗಂಟೆಗೆ ಫೋನ್ ಬಂತು ಅಂದರೆ ವಿಷಯ ಹೆಚ್ಚುಕಮ್ಮಿ ಗೊತ್ತಿರುತ್ತದೆ. ಎಮರ್ಜೆನ್ಸಿಯಲ್ಲಿ ಯಾರೋ ಮಲಗಲಾಗದೆ ಎದ್ದು ಕೂತಿದ್ದಾರೆ. "ಮೇಡಂ, ಒಂದು ಕೇಸ್ ಇದೆ. ಬಿಪಿ 150, ಕಾಲೆಲ್ಲ ಊದಿದೆ, ಎಕ್ಸ್-ರೇಯಲ್ಲಿ ನೀರು ಕಾಣ್ತಿದೆ. ಬರ್ತೀರಾ?" ಅಂತ ಡ್ಯೂಟಿ ಡಾಕ್ಟರ್ ಕೇಳುತ್ತಾರೆ. ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: "ಲ್ಯಾಸಿಕ್ಸ್ ಎಷ್ಟು ಗಂಟೆಗೆ ಕೊಟ್ರಿ?" ಮೈಯಲ್ಲಿ ತುಂಬಿದ ನೀರನ್ನು ಮೂತ್ರದಲ್ಲಿ ಹೊರಹಾಕುವ ಇಂಜೆಕ್ಷನ್ ಅದು.

ನಾನು ಡಾಕ್ಟರಲ್ಲ. ಮೊದಲು ವಾರ್ಡ್ ನರ್ಸ್ ಆಗಿದ್ದೆ, ಆಮೇಲೆ ಸ್ಟಡಿ ಕೋಆರ್ಡಿನೇಟರ್ ಆದೆ. ಹೃದಯ ವೈಫಲ್ಯ, ಅಂದರೆ ಹೃದಯ ಸೋತು ಮೈಯಲ್ಲಿ ನೀರು ತುಂಬುವುದು, ಏಕಾಏಕಿ ಜೋರಾಗಿ ಆಸ್ಪತ್ರೆಗೆ ಬರುತ್ತಾರಲ್ಲ, ಅಂಥವರ ಮೇಲೆ ಹೊಸ ಔಷಧಿ ಪರೀಕ್ಷಿಸುವ ಟ್ರಯಲ್‌ಗಳಲ್ಲಿ ನನ್ನ ಕೆಲಸ. ರೋಗಿಯನ್ನು ಹುಡುಕುವುದು, ಸಮ್ಮತಿ ತೆಗೆದುಕೊಳ್ಳುವುದು, ಡ್ರಿಪ್ ಪಂಪ್ ಶುರುವಾದ ಗಂಟೆ ಬರೆಯುವುದು, ತೂಕ, ಮೂತ್ರ, ರಕ್ತ, ಫಾರ್ಮ್. ಆಮೇಲೆ ತಿಂಗಳುಗಟ್ಟಲೆ ಫೋನ್.

ಲ್ಯಾಸಿಕ್ಸ್ ಟೈಮ್ ಯಾಕೆ ಕೇಳುತ್ತೇನೆ ಅಂದರೆ, ನಮ್ಮ ಗಡಿಯಾರ ರೋಗಿ ಬಾಗಿಲು ದಾಟಿದಾಗಲೇ ಓಡಲು ಶುರುವಾಗಿರುತ್ತದೆ. ಸೆರೆಲಾಕ್ಸಿನ್ ಅನ್ನುವ ಔಷಧಿಯ ರಿಲ್ಯಾಕ್ಸ್-ಎಎಚ್‌ಎಫ್ ಟ್ರಯಲ್‌ನಲ್ಲಿ 16 ಗಂಟೆಯೊಳಗೆ ರೋಗಿಯನ್ನು ಸೇರಿಸಬೇಕಿತ್ತು. ಉಲಾರಿಟೈಡ್ ಅನ್ನುವ ಔಷಧಿಯ ಟ್ರೂ-ಎಎಚ್‌ಎಫ್‌ನಲ್ಲಿ 12 ಗಂಟೆ. ಕೇಳಲು ಜಾಸ್ತಿ ಅನಿಸುತ್ತದೆ, ಅಲ್ವಾ? ಆದರೆ ಈ ಎರಡರಲ್ಲೂ ಇನ್ನೊಂದು ಷರತ್ತಿತ್ತು. ಕನಿಷ್ಠ 40 ಮಿಲಿಗ್ರಾಂ ಫ್ಯೂರೋಸಮೈಡ್ ನರಕ್ಕೆ ಕೊಟ್ಟ ಮೇಲೂ ಉಸಿರಾಟದ ಕಷ್ಟ ಉಳಿದಿರಬೇಕು. ಫ್ಯೂರೋಸಮೈಡ್ ಅಂದರೆ ಲ್ಯಾಸಿಕ್ಸೇ, ಹಳೆಯ, ಅಗ್ಗದ, ಚೆನ್ನಾಗಿ ಕೆಲಸ ಮಾಡುವ ಇಂಜೆಕ್ಷನ್. ನಾನು ಫೈಲ್ ಹಿಡಿದು ಬರುವಷ್ಟರಲ್ಲಿ ರೋಗಿ ಎರಡು ಬಾಟಲಿ ಮೂತ್ರ ಮಾಡಿ, ದಿಂಬಿಗೆ ಒರಗಿ ನಿದ್ದೆ ಹೋಗಿರುತ್ತಾರೆ. ಒಳ್ಳೆಯದೇ. ಆದರೆ ಟ್ರಯಲ್‌ಗೆ ಅವರು ಸಿಗುವುದಿಲ್ಲ. ತೀರಾ ಬೇಗ ಹೋದರೆ ಅವರಿಗೆ ಮಾತಾಡಲೇ ಉಸಿರಿರುವುದಿಲ್ಲ. ಈ ಎರಡರ ನಡುವಿನ ಸಣ್ಣ ಸಂದಿಯಲ್ಲೇ ನನ್ನ ಕೆಲಸ ಎಲ್ಲ ನಡೆಯಬೇಕು.

ಮೊದಮೊದಲು ನಾನು ಸಮ್ಮತಿ ಪತ್ರವನ್ನು ಮೊದಲ ಪುಟದಿಂದ ಓದಿ ಹೇಳುತ್ತಿದ್ದೆ. ಹದಿನೆಂಟು ಪುಟ. ಒಬ್ಬ ಅಜ್ಜ ಮಾಸ್ಕ್ ಸರಿಸಿ, "ಕೇಳೋಕೂ ಉಸಿರು ಬೇಕಲ್ಲಮ್ಮ" ಅಂದರು. ಅವತ್ತಿಂದ ಕ್ರಮ ಬದಲಾಯಿಸಿಕೊಂಡೆ. ಮೊದಲು ನಾಲ್ಕೇ ಮಾತು. ನಿಮಗೆ ಈಗ ಕೊಡುತ್ತಿರುವ ಚಿಕಿತ್ಸೆ ಏನೇ ಆದರೂ ನಿಲ್ಲುವುದಿಲ್ಲ. ಅದರ ಮೇಲೆ ಇನ್ನೊಂದು ಡ್ರಿಪ್ ಹಾಕುತ್ತೇವೆ. ಅದರಲ್ಲಿ ಹೊಸ ಔಷಧಿ ಇರಬಹುದು, ಬರೀ ಸಲೈನ್ ಇರಬಹುದು, ಅದು ನಮಗೂ ಗೊತ್ತಿಲ್ಲ. ಬೇಡ ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಇಷ್ಟು ಹೇಳಿ ಪಕ್ಕದಲ್ಲಿ ಸುಮ್ನೆ ಕೂರುತ್ತೇನೆ. ಉಸಿರು ಸ್ವಲ್ಪ ತಹಬಂದಿಗೆ ಬಂದ ಮೇಲೆ ಉಳಿದದ್ದೆಲ್ಲ ವಿವರವಾಗಿ. ಕೊನೆಗೆ, "ನಾನು ಏನು ಹೇಳಿದೆ, ನಿಮ್ಮ ಮಾತಲ್ಲಿ ಹೇಳಿ ನೋಡೋಣ" ಅನ್ನುತ್ತೇನೆ. ಇದು ಬಹಳ ಮುಖ್ಯ. "ಸಹಿ ಹಾಕಿದ್ರೆ ಬೇಗ ಬೆಡ್ ಕೊಡ್ತೀರಂತೆ" ಅಂತ ಉತ್ತರ ಬಂದದ್ದೂ ಇದೆ. ಹಾಗೆ ಬಂದರೆ ಮತ್ತೆ ಮೊದಲಿಂದ.

ಓದಲು ಬರದವರಿದ್ದರೆ, ನಮ್ಮ ತಂಡಕ್ಕೆ ಸೇರದ ಒಬ್ಬ ಸಾಕ್ಷಿ ಶುರುವಿನಿಂದ ಕೊನೆವರೆಗೂ ಕೂತಿರಬೇಕು. ರಾತ್ರಿ 3 ಗಂಟೆಗೆ ಅಂಥವರನ್ನು ಎಲ್ಲಿಂದ ತರುವುದು? ಎಷ್ಟೋ ಸಲ ಇದೊಂದೇ ಕಾರಣಕ್ಕೆ ಒಳ್ಳೆಯ ಕೇಸ್ ಬಿಟ್ಟಿದ್ದೇನೆ.

ಮಕ್ಕಳ ಪ್ರಶ್ನೆಗಳು ಬೇರೆ ಥರ. "ನಮ್ಮಪ್ಪನಿಗೆ ಸುಳ್ಳು ಔಷಧಿ ಕೊಡ್ತೀರಾ?" ಅಂತ ಒಬ್ಬ ಮಗ ನೇರವಾಗಿ ಕೇಳಿದ. ಕೋಪ ಬರಬೇಕಾದ್ದೇ. ಫ್ಯೂರೋಸಮೈಡ್ ನಿಲ್ಲಿಸಿ ಪ್ಲಸೀಬೊ ಕೊಡುವುದಲ್ಲ, ಅದರ ಜೊತೆಗೆ ಕೊಡುವುದು ಅಂತ ಪಂಪ್ ತೋರಿಸಿಯೇ ಹೇಳಬೇಕಾಯಿತು. ಅವನು ಒಪ್ಪಲಿಲ್ಲ. ಸರಿ ಅಂತ ಎದ್ದೆ.

ಇನ್ನೊಬ್ಬರ ವಿಷಯದಲ್ಲಿ ನಾನೇ ತಪ್ಪಿದೆ. ರೋಗಿ ಮಂಪರಿನಲ್ಲಿದ್ದರು, ಮಗಳು ಸಹಿ ಹಾಕಿದಳು. ನಿಯಮದ ಪ್ರಕಾರ ಸರಿಯೇ. ಆದರೆ ಎಚ್ಚರವಾದ ಮೇಲೆ ಅವರನ್ನೇ ಕೇಳಿ ಮತ್ತೆ ಸಮ್ಮತಿ ತೆಗೆದುಕೊಳ್ಳಬೇಕಿತ್ತು. ನಾನು ಮರುದಿನ ಸಂಜೆವರೆಗೆ ತಡ ಮಾಡಿದೆ. "ಈ ಸೂಜಿ ಯಾಕೆ ಅಂತ ನನ್ನನ್ನ ಯಾರು ಕೇಳಿದ್ರು?" ಅಂದರು. ಉತ್ತರ ಇರಲಿಲ್ಲ. ಈಗ ಅಂಥ ಫೈಲ್ ಮೇಲೆ ಕೆಂಪು ಕ್ಲಿಪ್ ಹಾಕುತ್ತೇನೆ. ಅವರನ್ನು ಮಾತಾಡಿಸುವ ತನಕ ಕ್ಲಿಪ್ ತೆಗೆಯುವುದಿಲ್ಲ.

ಇನ್ನು ಉಸಿರು ಅಳೆಯುವ ಕಥೆ. ಕಾಗದದ ಮೇಲೆ ಒಂದು ನೇರ ಗೆರೆ, 100 ಮಿಲಿಮೀಟರ್ ಉದ್ದ. ತಳದ ತುದಿ, ಅಂದರೆ 0, "ಇದಕ್ಕಿಂತ ಕೆಟ್ಟದಾಗಲು ಸಾಧ್ಯವಿಲ್ಲ", ಮೇಲಿನ ತುದಿ, ಅಂದರೆ 100, "ಪೂರ್ತಿ ಚೆನ್ನಾಗಿದೆ". ನಿಮಗೆ ಈಗ ಎಷ್ಟು ಅಂತ ರೋಗಿ ಪೆನ್ನಲ್ಲಿ ಗುರುತು ಹಾಕಬೇಕು. ಕೋಟಿಗಟ್ಟಲೆ ಖರ್ಚಿನ ಟ್ರಯಲ್, ನಿಂತಿರುವುದು ಈ ಗೆರೆ ಮೇಲೆ! ಒಬ್ಬರು ನಗುನಗುತ್ತಾ ಕಾಫಿ ಕುಡಿಯುತ್ತಾ ಗೆರೆಯ ತಳದ ಹತ್ತಿರ, ಸುಮಾರು 15ರಲ್ಲಿ ಗುರುತು ಹಾಕಿದರು. ಹಿಂದಿನ ದಿನ ಏದುಸಿರು ಬಿಡುವಾಗ 40 ಹಾಕಿದ್ದರು. ಅವರ ಲೆಕ್ಕದಲ್ಲಿ ಕಷ್ಟ ಇಳಿದಿತ್ತು, ಹಾಗಾಗಿ ಗುರುತೂ ಇಳಿಯಿತು. ನನ್ನ ಫಾರ್ಮ್ ಪ್ರಕಾರ ಅವರು ಹದಗೆಟ್ಟಿದ್ದರು. ತಿದ್ದುವ ಹಾಗಿಲ್ಲ. "ಅಲ್ಲ ಅಜ್ಜ, ಮೇಲೆ ಹಾಕಿ" ಅಂತ ಹೇಳುವ ಹಾಗೂ ಇಲ್ಲ, ಹೇಳಿದರೆ ಅದು ಅವರ ಉತ್ತರ ಆಗುವುದಿಲ್ಲ, ನನ್ನದಾಗುತ್ತದೆ. ಪಕ್ಕದಲ್ಲಿ ಟಿಪ್ಪಣಿ ಬರೆದು ಬಿಟ್ಟೆ. ಅದಾದ ಮೇಲೆ ತಂಡದವರನ್ನು ಕೇಳಿ, ಒಪ್ಪಿಗೆ ಸಿಕ್ಕ ಮೇಲೆ, ಅಸಲಿ ಗೆರೆಗೆ ಮುಂಚೆ ಒಂದು ಅಭ್ಯಾಸದ ಗೆರೆ ಕೊಡಲು ಶುರು ಮಾಡಿದೆ. ಅದರಲ್ಲಿ ಕೇಳುವುದು ಹಸಿವಿನ ಬಗ್ಗೆ.

ಭಂಗಿಯೂ ಲೆಕ್ಕಕ್ಕೆ ಬರುತ್ತದೆ. ಆಕ್ಸಿಜನ್ ಹಾಕಿ ನೆಟ್ಟಗೆ ಕೂರಿಸಿ ಕೇಳಿದರೆ ಒಂದು ಉತ್ತರ, ಚಪ್ಪಟೆ ಮಲಗಿಸಿ ಕೇಳಿದರೆ ಇನ್ನೊಂದು. ಒಂದೇ ರೋಗಿ, ಹತ್ತು ನಿಮಿಷದ ಅಂತರ. ಹಾಗಾಗಿ ಹಾಸಿಗೆಯ ತಲೆಭಾಗ ಎಷ್ಟು ಎತ್ತಿದೆ, ಆಕ್ಸಿಜನ್ ಎಷ್ಟು ಲೀಟರ್ ಅಂತ ಪ್ರತಿ ಸಲ ಬರೆಯುತ್ತೇನೆ, ಫಾರ್ಮ್‌ನಲ್ಲಿ ಜಾಗ ಇಲ್ಲದಿದ್ದರೂ.

ತೂಕದಲ್ಲಿ ಬೀಳುವ ಪೆಟ್ಟು ಇನ್ನೂ ಮಜಾ. ನಮ್ಮ ಒಬ್ಬ ರೋಗಿ ಎರಡು ದಿನದಲ್ಲಿ 6 ಕೆಜಿ ಇಳಿದಿದ್ದರು. ಡಾಕ್ಟರಿಗೆ ಖುಷಿ. ನನಗೆ ಅನುಮಾನ, ಯಾಕೆಂದರೆ ಮೂತ್ರದ ಲೆಕ್ಕ 3 ಲೀಟರ್ ಕೂಡ ಇರಲಿಲ್ಲ. ಹುಡುಕಿದಾಗ ಗೊತ್ತಾಯಿತು: ಮೊದಲ ದಿನ ಎಮರ್ಜೆನ್ಸಿಯ ತಕ್ಕಡಿಯಲ್ಲಿ ಸ್ವೆಟರ್, ಶೂ ಸಮೇತ ತೂಗಿದ್ದರು, ಮೂರನೇ ದಿನ ವಾರ್ಡಿನ ತಕ್ಕಡಿಯಲ್ಲಿ ಬರೀ ಗೌನ್. ಎರಡು ತಕ್ಕಡಿಗಳ ನಡುವೆಯೇ ಒಂದೂವರೆ ಕೆಜಿ ವ್ಯತ್ಯಾಸ ಇತ್ತು. ಒಂದು ತಕ್ಕಡಿಗೆ ಹಳದಿ ಸ್ಟಿಕ್ಕರ್ ಅಂಟಿಸಿದೆ. ಟ್ರಯಲ್ ರೋಗಿಗಳನ್ನು ಅದರಲ್ಲೇ ತೂಗಬೇಕು, ಬೆಳಗ್ಗೆ, ಮೂತ್ರ ಮಾಡಿ ಬಂದ ಮೇಲೆ, ತಿಂಡಿಗೆ ಮುಂಚೆ, ಚಪ್ಪಲಿ ಬಿಟ್ಟು. ಇನ್ನು ಮೂತ್ರದ ಕ್ಯಾನ್. ಮನೆಯವರು ಪ್ರೀತಿಯಿಂದ, ಗಲೀಜು ಬೇಡ ಅಂತ, ತಾವೇ ಟಾಯ್ಲೆಟ್‌ಗೆ ಚೆಲ್ಲಿ ತೊಳೆದಿಡುತ್ತಾರೆ. ಬೈಯುವುದು ಹೇಗೆ?

ಇಷ್ಟು ಕಷ್ಟಪಟ್ಟು ಏನು ಸಿಕ್ಕಿತು ಅಂತ ನೀವು ಕೇಳಬಹುದು. ಡ್ರಿಪ್ ಔಷಧಿಗಳ ಮಟ್ಟಿಗೆ ಹೇಳುವುದಾದರೆ ಹೆಚ್ಚಾಗಿ ನಿರಾಸೆಯೇ. ನೆಸಿರಿಟೈಡ್ 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದು ಜೋರಾಗಿ ಓಡಿತು. ಆಮೇಲೆ 7,000ಕ್ಕೂ ಹೆಚ್ಚು ಜನರ ಮೇಲೆ ಅಸೆಂಡ್-ಎಚ್‌ಎಫ್ ಟ್ರಯಲ್ ಮಾಡಿ ನೋಡಿದರು. 2011ರಲ್ಲಿ ಫಲಿತಾಂಶ ಬಂತು: 30 ದಿನದಲ್ಲಿ ಸಾವೂ ಕಡಿಮೆಯಾಗಲಿಲ್ಲ, ಮತ್ತೆ ಅಡ್ಮಿಟ್ ಆಗುವುದೂ ತಪ್ಪಲಿಲ್ಲ. ಬಿಪಿ ಇಳಿಯುವುದು ಮಾತ್ರ ಜಾಸ್ತಿ. ಸೆರೆಲಾಕ್ಸಿನ್‌ದು ಇನ್ನೂ ಬೇಸರದ ಕಥೆ. 1,161 ಜನರ ಮೊದಲ ದೊಡ್ಡ ಟ್ರಯಲ್‌ನಲ್ಲಿ 180 ದಿನಗಳ ಸಾವು ಕಡಿಮೆ ಕಂಡಿತು. ಎಲ್ಲರೂ ಕುಣಿದಾಡಿದೆವು. ಅದನ್ನೇ ಖಚಿತ ಮಾಡಿಕೊಳ್ಳಲು 6,500ಕ್ಕೂ ಹೆಚ್ಚು ಜನರ ಮೇಲೆ ಮತ್ತೆ ನೋಡಿದರೆ ಹೃದಯ ಸಂಬಂಧಿ ಸಾವು ಒಂದು ಕಡೆ 8.7%, ಇನ್ನೊಂದು ಕಡೆ 8.9%. ವ್ಯತ್ಯಾಸವೇ ಇಲ್ಲ.

ತಡವಾಗಿ ಕೊಟ್ಟದ್ದೇ ತಪ್ಪು ಅಂತ ನಾನೂ ಬಹಳ ದಿನ ವಾದ ಮಾಡಿದೆ. ಆದರೆ ಉಲಾರಿಟೈಡ್ ಟ್ರಯಲ್‌ನಲ್ಲಿ ಅರ್ಧಕ್ಕರ್ಧ ಜನಕ್ಕೆ ಸುಮಾರು 6 ಗಂಟೆಯೊಳಗೆ ಡ್ರಿಪ್ ಶುರುವಾಗಿತ್ತು. 6 ಗಂಟೆ! ಆ ವೇಗದಲ್ಲಿ ಸಮ್ಮತಿ ತೆಗೆದುಕೊಂಡ ಕೋಆರ್ಡಿನೇಟರ್‌ಗಳಿಗೆ ನನ್ನ ನಮಸ್ಕಾರ. ಔಷಧಿ ಬಿಪಿ ಇಳಿಸಿತು, ಹೃದಯದ ಮೇಲಿನ ಒತ್ತಡ ತೋರಿಸುವ ಎನ್‌ಟಿ-ಪ್ರೊಬಿಎನ್‌ಪಿ ಇಳಿಸಿತು. ಸಾವು ಮಾತ್ರ ಇಳಿಯಲಿಲ್ಲ. ಆ ಫಲಿತಾಂಶ ಓದಿದ ದಿನ ನನ್ನ ವಾದ ಕೈಬಿಟ್ಟೆ. ವರ್ಷಗಟ್ಟಲೆ ಸೋಲುತ್ತಾ ಬಂದ ಹೃದಯಕ್ಕೆ 48 ಗಂಟೆಯ ಡ್ರಿಪ್ ಹಾಕಿ ಆರು ತಿಂಗಳ ಫಲ ಕೇಳುವುದೇ ಅತಿಯಾಸೆ ಅಂತ ಈಗ ನನಗೆ ಅನಿಸುತ್ತದೆ.

ನನಗೆ ಇಷ್ಟವಾದ ಟ್ರಯಲ್‌ಗಳು ಸಾದಾ ಪ್ರಶ್ನೆ ಕೇಳಿದವು. ಡೋಸ್ ಅನ್ನುವ ಹೆಸರಿನ ಟ್ರಯಲ್ ಕೇಳಿದ್ದು ಲ್ಯಾಸಿಕ್ಸನ್ನು 12 ಗಂಟೆಗೊಮ್ಮೆ ಚುಚ್ಚಬೇಕೋ, ಪಂಪ್‌ನಲ್ಲಿ ಹರಿಸಬೇಕೋ ಅಂತ. 308 ಜನ. ಎಲ್ಲರಿಗೂ ಇಂಜೆಕ್ಷನ್ನೂ ಕೊಟ್ಟರು, ಪಂಪನ್ನೂ ಹಾಕಿದರು, ಎರಡರಲ್ಲಿ ಒಂದು ಬರೀ ಸಲೈನ್, ಯಾವುದು ಅಂತ ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಅದನ್ನೆಲ್ಲ ಹಾಕಿದವರ ತಾಳ್ಮೆ ನೆನೆದರೆ ನನಗೆ ಹೊಟ್ಟೆಕಿಚ್ಚು. ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ಆದರೆ ಹತ್ತಾರು ವರ್ಷದ ಜಗಳ ತಣ್ಣಗಾಯಿತು. ಬೆಲ್ಜಿಯಂನ ಆಡ್ವರ್ ಟ್ರಯಲ್ 2022ರಲ್ಲಿ ಅಸೆಟಜೋಲಮೈಡ್ ಅನ್ನುವ ತುಂಬಾ ಹಳೆಯ ಔಷಧಿಯನ್ನು ಲ್ಯಾಸಿಕ್ಸ್ ಜೊತೆ ಕೊಟ್ಟು ನೋಡಿತು. ಮೂರು ದಿನದಲ್ಲಿ ನೀರೆಲ್ಲ ಇಳಿದವರು 42.2%, ಪ್ಲಸೀಬೊ ಕಡೆ 30.5%. ಸಾವು ಕಡಿಮೆಯಾಗಲಿಲ್ಲ, ಹಾಗಂತ ಅವರು ಹೇಳಿಕೊಳ್ಳಲೂ ಇಲ್ಲ. ಮನೆಗೆ ಹೋಗುವಾಗ ಕಾಲಿನ ಊತ ಇಳಿದಿರುವುದು ರೋಗಿಗೆ ಸಣ್ಣ ವಿಷಯ ಏನಲ್ಲ.

ನನ್ನ ಕೆಲಸವನ್ನೇ ಬದಲಾಯಿಸಿದ್ದು ಅದೇ ವರ್ಷದ ಸ್ಟ್ರಾಂಗ್-ಎಚ್‌ಎಫ್. ಅದರಲ್ಲಿ ಹೊಸ ಔಷಧಿಯೇ ಇಲ್ಲ. ಇರುವ ಮಾತ್ರೆಗಳನ್ನೇ ಡಿಸ್ಚಾರ್ಜ್ ಆದ ಎರಡು ವಾರದೊಳಗೆ ಪೂರ್ತಿ ಡೋಸ್‌ಗೆ ಏರಿಸುವುದು, ಬೇಗ ಬೇಗ ಕರೆಸಿ ಬಿಪಿ, ರಕ್ತ, ತೂಕ ನೋಡುವುದು. 180 ದಿನದಲ್ಲಿ ಸಾವು ಅಥವಾ ಹೃದಯ ವೈಫಲ್ಯದಿಂದ ಮತ್ತೆ ಅಡ್ಮಿಟ್ ಆದದ್ದು 15.2%, ಮಾಮೂಲಿ ಆರೈಕೆಯಲ್ಲಿ 23.3%. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ ಟ್ರಯಲ್ಲನ್ನು ಅರ್ಧದಲ್ಲೇ ನಿಲ್ಲಿಸಿದರು. ಅದನ್ನು ಓದಿ ನಮ್ಮ ಡಾಕ್ಟರ್, "ಟ್ರಯಲ್ ಇಲ್ಲದವರಿಗೂ ಹೀಗೇ ಮಾಡೋಣ, ಫೋನ್ ನಿಮ್ಮದು" ಅಂದರು. ಈಗ ರಾತ್ರಿ 2 ಗಂಟೆಯ ಫೋನಿಗಿಂತ ಬೆಳಗ್ಗೆ 10ರ ಫೋನ್‌ಗಳೇ ಜಾಸ್ತಿ.

ಮೊನ್ನೆ ಒಬ್ಬರು ಅವರೇ ಫೋನ್ ಮಾಡಿದರು. ಡಿಸ್ಚಾರ್ಜ್ ಆಗಿ ಒಂಬತ್ತು ದಿನ.

"ಮೇಡಂ, ಮಾತ್ರೆ ಜಾಸ್ತಿ ಮಾಡಿದ್ರಲ್ಲ, ಎದ್ದು ನಿಂತರೆ ತಲೆ ಸುತ್ತುತ್ತೆ."

"ಬಿದ್ರಾ? ಕಣ್ಣು ಕತ್ತಲೆ ಬಂತಾ?"

"ಇಲ್ಲ ಇಲ್ಲ, ಸ್ವಲ್ಪ ತೂರಾಡಿದ ಹಾಗೆ. ಎರಡು ನಿಮಿಷ ಕೂತರೆ ಸರಿ ಹೋಗುತ್ತೆ."

"ಸರಿ, ಇವತ್ತು ನಿಧಾನಕ್ಕೆ ಏಳಿ. ಮಾತ್ರೆ ಬಗ್ಗೆ ಡಾಕ್ಟರನ್ನ ಕೇಳಿ ಇನ್ನು ಹತ್ತು ನಿಮಿಷದಲ್ಲಿ ಫೋನ್ ಮಾಡ್ತೀನಿ. ನಾಳೆ ಬೆಳಗ್ಗೆ ಬನ್ನಿ, ಕೂತು ಒಂದು ಸಲ, ನಿಂತು ಒಂದು ಸಲ ಬಿಪಿ ನೋಡೋಣ. ರಕ್ತಾನೂ ತಗೋತೀವಿ. ತೂಕ ನೋಡಿದ ಮೇಲೆ ತಿಂಡಿ ತಿನ್ನಿ."

"ಬರ್ತೀನಿ. ಆ ಹಳದಿ ಸ್ಟಿಕ್ಕರ್ ಇರೋ ತಕ್ಕಡಿ ತಾನೇ?" ಅಂತ ಕೇಳಿ, ನಾನು ಹೂಂ ಅನ್ನುವ ಮೊದಲೇ ಫೋನ್ ಇಟ್ಟರು.