ದಂಡದ ಡಬ್ಬಿ ಬಿಟ್ಟು ಉದ್ರಿ ವಹಿ ಹಿಡಿದೆ

ಬೆಳಗಾವಿಯ ಉದ್ಯಮಬಾಗ್‌ನಲ್ಲಿ ನಮ್ಮದು ಎರಡು ಲೇತ್‌ಗಳ ಸಣ್ಣ ವರ್ಕ್‌ಶಾಪ್. ಭಾನುವಾರ ಚರ್ಚಿನಲ್ಲಿ ತಾಳ್ಮೆಯ ಪ್ರಸಂಗ ಕೇಳಿ, ಸೋಮವಾರ ಒಂಬತ್ತಕ್ಕೆಲ್ಲ ಹುಡುಗರ ಮೇಲೆ ಒದರುತ್ತಿದ್ದೆ.

ಸಿಟ್ಟು ತಡೆಯೋಕೆ ಹತ್ತು ಎಣಿಸಿದೆ. ಉಪವಾಸ ಮಾಡಿದೆ (ಉಪವಾಸದ ದಿನ ಸಿಟ್ಟು ಇನ್ನೂ ಜಾಸ್ತಿ, ಅದನ್ನು ಯಾರೂ ಹೇಳೋದಿಲ್ಲ). ಆಮೇಲೆ ದಂಡದ ಡಬ್ಬಿ ಇಟ್ಟೆ. ಒಮ್ಮೆ ಒದರಿದರೆ 10 ರೂಪಾಯಿ, ತಿಂಗಳ ಕೊನೆಗೆ ಕಾಣಿಕೆಗೆ. ಮೊದಲ ತಿಂಗಳು ಸುಮಾರು 600, ಎರಡನೇ ತಿಂಗಳು 900ರ ಹತ್ತಿರ. ಹತ್ತು ರೂಪಾಯಿಗೆ ಮನಸಾರೆ ಬೈಯಬಹುದು ಅಂದರೆ ಅಗ್ಗವೇ ಅಲ್ವಾ?

ದಾರಿ ಸಿಕ್ಕಿದ್ದು ಬೈಬಲಿನ ಮತ್ತಾಯ 18ರ ಸಾಲಗಾರನ ಸಾಮ್ಯದಲ್ಲಿ, ಅಂದರೆ ಯೇಸು ಹೇಳಿದ ಕಥೆಯಲ್ಲಿ. ಅರಸ ಒಬ್ಬ ಆಳಿನ ಸಾಲವನ್ನೆಲ್ಲ ಬಿಟ್ಟುಕೊಟ್ಟ, ಆ ಆಳು ಮಾತ್ರ ತನಗೆ ಸಾಲ ಕೊಡಬೇಕಿದ್ದ ಜೊತೆಯ ಆಳನ್ನು ಸೆರೆಗೆ ಹಾಕಿಸಿದ. ಒಂದಿನ ಸುಮ್ನೆ ಕ್ಯಾಲ್ಕ್ಯುಲೇಟರ್ ಹಿಡಿದು ಕೂತೆ. ಒಂದು ಬೆಳ್ಳಿನಾಣ್ಯ ಅಂದರೆ ಆಗಿನ ಒಂದು ದಿನದ ಕೂಲಿ, ಅಂಥವು ಸುಮಾರು 6,000 ಸೇರಿದರೆ ಒಂದು ತಲಾಂತು. ನಮ್ಮ ಹೆಲ್ಪರ್‌ನ 500 ರೂಪಾಯಿ ಲೆಕ್ಕ ಹಿಡಿದರೆ, ಜೊತೆಯವನಿಂದ ಬರಬೇಕಿದ್ದ 100 ನಾಣ್ಯ 50,000 ರೂಪಾಯಿ. ಸಣ್ಣದೇನಲ್ಲ! ಆದರೆ ಅರಸ ಬಿಟ್ಟುಕೊಟ್ಟ 10,000 ತಲಾಂತು 3,000 ಕೋಟಿ. ಇಬ್ಬರೂ ಸಾಲಗಾರರು ಬೇಡಿದ್ದು ಒಂದೇ, ಸ್ವಲ್ಪ ತಾಳಿಕೋ ಅಂತ.

ಅಂದಿನಿಂದ ಉದ್ರಿ ವಹಿಯ (ಗಿರಾಕಿಗಳ ಬಾಕಿ ಬರೆಯುವ ಪುಸ್ತಕ) ಹಿಂದಿನ ಪುಟದಲ್ಲಿ ಎರಡು ಕಲಂ. ಎಡಕ್ಕೆ ನನಗೆ ಸಿಟ್ಟು ತರಿಸಿದ ತಪ್ಪು, ಬಲಕ್ಕೆ ಅಂಥದೇ ತಪ್ಪಿಗೆ ನನ್ನನ್ನು ಯಾರು ತಾಳಿಕೊಂಡಿದ್ದರು ಅನ್ನೋದು. ಬಲಗಡೆ ತುಂಬದೆ ಬಾಯಿ ತೆರೆಯುವಂತಿಲ್ಲ. ಪ್ರಾರ್ಥನಾ ಕೂಟದವರು 'ದೇವರಿಗೂ ಜಿಎಸ್‌ಟಿ ರಿಟರ್ನ್ ಹಾಕಾವೇನು' ಅಂತ ನಕ್ಕರು. ಮೊದಲ ಎರಡು ವಾರ ಅರ್ಧ ಸಲ ಒದರಿದ ಮೇಲೆಯೇ ಬರೆದೆ.

ಒಂದಿನ ಹುಡುಗ ಗನ್‌ಮೆಟಲ್ ಬುಷ್‌ನ ಬೋರ್, ಅಂದರೆ ಒಳಗಿನ ತೂತು, ಅರ್ಧ ಮಿಲ್ಲಿ ಜಾಸ್ತಿ ತೆಗೆದ. 'ಮಾಲಕ್ರ, ಜಾಬ್ ಹೋತ್ರಿ' ಅಂದ. 1,800 ರೂಪಾಯಿಯ ಮಾಲು. ಪೆನ್ನು ಹಿಡಿದಾಗ, ನಾನು ಕಲಿಯುವಾಗ ಇದೇ ತಪ್ಪು ಮೂರು ಸಲ ಮಾಡಿದ್ದು, ನಮ್ಮ ಮಿಸ್ತ್ರಿ ಪ್ರತಿ ಸಲ ವರ್ನಿಯರ್ ಕೈಗೆ ಕೊಟ್ಟು 'ಅಳದು ನೋಡಪಾ' ಅಂದದ್ದು ನೆನಪಾಯಿತು. ನಾನೂ ಅಷ್ಟೇ ಅಂದೆ.

ಈಗ ಆರು ತಿಂಗಳಾಯಿತು. ದಿನಕ್ಕೆ ಮೂರ್ನಾಲ್ಕು ಸಲ ಒದರುತ್ತಿದ್ದವನು ವಾರಕ್ಕೆ ಒಂದೋ ಎರಡೋ. ಮನೆಯಾಕೆ 'ಆರಾಮ ಅದೀರಿಲ್ರೀ?' ಅಂತ ಹಣೆ ಮುಟ್ಟಿ ನೋಡಿದ್ದಾಳೆ. ಪೆನ್ನು ಹುಡುಕುವ ಆ ಅರ್ಧ ನಿಮಿಷ ಏನು ಮಾಡುತ್ತೇನೆ ಅನ್ನೋದು ಮಾತ್ರ ಹೇಳೋದಿಲ್ಲ. ಖಡೇ ಬಜಾರಿನ ಟ್ರಾಫಿಕ್‌ನಲ್ಲಿ ಈ ವಹಿ ಕೆಲಸಕ್ಕೆ ಬಂದಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಹಾಂ, ಉದ್ರಿ ಬಿಟ್ಟಿಲ್ಲ. 4,000 ಬಾಕಿ ಇಟ್ಟಿರುವ ಗಿರಾಕಿಗೆ ಪ್ರತಿ ಶನಿವಾರ ಫೋನ್ ಮಾಡುತ್ತೇನೆ. ಈಗ ಮೊದಲು 'ಊಟ ಆತ್ರಿ?' ಅಂತ ಕೇಳಿ ಆಮೇಲೆ ದುಡ್ಡು ಕೇಳುತ್ತೇನೆ. ಕಳೆದ ವಾರ 1,500 ಕೊಟ್ಟ.