ಪೆನ್ನಿಗೆ ಒತ್ತು, ಗೇಟಿಗೆ ದೀರ್ಘ

ಗಂಗಾವತಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ, ಆ ಬಗ್ಗೆ ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯ ಬರೆಯಲು ಎಂಟನೇ ತರಗತಿಗೆ ಹೇಳಿದ್ದೆ. ಹಲವರ ನೋಟ್‌ಬುಕ್ಕಿನಲ್ಲಿ ಗೇಟು ಜಿ, ಇ, ಟಿ ಆಗಿತ್ತು. ಆದರೆ ಅದನ್ನೇ ಓದುವಾಗ ಒಬ್ಬರ ಬಾಯಲ್ಲೂ ‘ಗೆಟ್ಟು’ ಬರಲಿಲ್ಲ. ಹ್ರಸ್ವ, ದೀರ್ಘ ಎರಡೂ ಮಕ್ಕಳ ಕಿವಿಗೆ ಗೊತ್ತಿವೆ, ಕೈಗೆ ಮಾತ್ರ ಗೊತ್ತಿಲ್ಲ. ಹಾಗಾಗಿ ನಿಯಮಗಳನ್ನು ಪಕ್ಕಕ್ಕಿಟ್ಟು, ಊರಿನಲ್ಲಿ ದಿನವೂ ಆಡುವ ಇಂಗ್ಲಿಷ್ ಪದಗಳಿಂದಲೇ ಪಾಠ ಶುರುಮಾಡಿದೆ.

ಹಲಗೆಯ ಮೇಲೆ ಎರಡು ಸಾಲು ಬರೆದೆ. ಬಸ್ಸು, ಪೆನ್ನು, ಬುಕ್ಕು, ಮಿಲ್ಲು, ಬ್ರೆಡ್ಡು. ಅದರ ಕೆಳಗೆ ಗೇಟು, ಸೀಟು, ಬೂಟು, ಫೋನು, ಬೈಕು. “ಮೇಲಿನವಕ್ಕೆ ಒತ್ತಕ್ಷರ ಇದೆ, ಕೆಳಗಿನವಕ್ಕೆ ಇಲ್ಲ ಮೇಡಂ” ಎಂದಳು ಒಬ್ಬ ಹುಡುಗಿ. ನನಗೆ ಬೇಕಾಗಿದ್ದುದು ಅದೇ. ವ್ಯಂಜನದಲ್ಲಿ ಮುಗಿಯುವ ಇಂಗ್ಲಿಷ್ ಪದಕ್ಕೆ ನಾವು ಉಕಾರ ಸೇರಿಸಿ ಹೇಳುತ್ತೇವೆ. ಅದರ ಹಿಂದಿನ ಸ್ವರ ಹ್ರಸ್ವವಾದರೆ ವ್ಯಂಜನ ಇಮ್ಮಡಿಯಾಗುತ್ತದೆ, ದೀರ್ಘವಾದರೆ ಒಂದೇ ಉಳಿಯುತ್ತದೆ. ಪ್ರಸ್ತಾರ ಹಾಕಿದರೆ ಪೆನ್ನು, ಗೇಟು ಎರಡೂ ಗುರು-ಲಘುವೇ. ಯಾರೂ ಕಲಿಸದೆ ಇಡೀ ನಾಡು ಪಾಲಿಸುವ ಈ ಲೆಕ್ಕವನ್ನು ಕಂಡರೆ ನನಗೆ ಈಗಲೂ ಬೆರಗು.

ಸ್ಪೆಲ್ಲಿಂಗ್ ದಾರಿ ತಪ್ಪಿಸುವ ಕಡೆ ಇದು ಹೆಚ್ಚು ಉಪಯೋಗ. ಬುಕ್ಕು, ಬೂಟು ಎರಡರ ನಡುವೆಯೂ ಇರುವುದು ಎರಡು ಓ. ಬ್ರೆಡ್ಡು, ಸೀಟು ಎರಡರಲ್ಲೂ ಇ, ಎ. ನೋಡಿದರೆ ತಿಳಿಯುವುದಿಲ್ಲ, ಉಕಾರ ಹಚ್ಚಿ ಹೇಳಿದರೆ ತಿಳಿಯುತ್ತದೆ.

ಆಮೇಲೆ ಬರಹ. ಗೇಟು, ಪ್ಲೇಟು, ಕೇಕು, ಫೋನು, ಬೈಕು, ಟ್ಯೂಬು: ಇವೆಲ್ಲದರ ಸ್ಪೆಲ್ಲಿಂಗ್ ಮುಗಿಯುವುದು ಉಚ್ಚಾರವಿಲ್ಲದ ಇ ಅಕ್ಷರದಿಂದ. ಅದು ಕೊನೆಯಲ್ಲಿ ಕುಳಿತರೆ ನಡುವಿನ ಸ್ವರಾಕ್ಷರ ತನ್ನ ಹೆಸರನ್ನೇ ಧ್ವನಿಯಾಗಿ ನುಡಿಯುತ್ತದೆ. ಆದ್ದರಿಂದ ಅಕ್ಷರಕ್ಕೆ ಧ್ವನಿ ಹೊಂದಿಸಿ ಓದಿಸುವ ಫೋನಿಕ್ಸ್ ಪಾಠದಲ್ಲಿ ಐ ಅಕ್ಷರದ ದೀರ್ಘವೆಂದರೆ ನಮ್ಮ ಈಕಾರವಲ್ಲ, ಐಕಾರ. ಇದನ್ನು ಮೊದಲೇ ಬಿಡಿಸಿ ಹೇಳದಿದ್ದರೆ ಮಕ್ಕಳು ‘ಕೈಟ್’ ಅನ್ನು ‘ಕೀಟ್’ ಎಂದು ಓದುತ್ತಾರೆ. ಇನ್ನೊಂದು ಸೊಗಸು: ‘ರೈಟಿಂಗ್’ ಬರೆಯಲು ಒಂದು ಟಿ, ‘ರಿಟನ್’ ಬರೆಯಲು ಎರಡು. ಅಲ್ಲಿಯೂ ಹ್ರಸ್ವದ ಬೆನ್ನಿಗೆ ಜೋಡಿ ವ್ಯಂಜನವೇ! ಆದರೆ ಅದು ಕಾಗದದ ಮೇಲೆ ಮಾತ್ರ. ಉಚ್ಚಾರದಲ್ಲಿ ಒಂದೇ ಟಿ.

ಈ ಉಪಾಯ ಒಂದೇ ಉಸಿರಿನ ಚಿಕ್ಕ ಪದಗಳಿಗಷ್ಟೇ ಸರಿ. ‘ಟಿಕೇಟು’ ಎನ್ನುವ ನಮ್ಮ ಕಡೆ ಉದ್ದದ ಪದಗಳಿಗೆ ಇದನ್ನು ನಂಬಬಾರದು. ಬ್ಯಾಗು, ಬ್ಯಾಟು, ಲಾಕು, ಶಾಪು ಕೂಡ ಕೈಕೊಡುತ್ತವೆ. ನಮಗೆ ಇವು ದೀರ್ಘ, ಇಂಗ್ಲಿಷಿನಲ್ಲಿ ಹ್ರಸ್ವದ ಗುಂಪು. ಇವನ್ನು ಬೇರೆ ಪಟ್ಟಿ ಮಾಡಿ ಬಾಯಿಪಾಠ ಮಾಡಿಸುತ್ತೇನೆ.

ಉಚ್ಚಾರಕ್ಕೆ ಬಂದರೆ ಮಾತ್ರೆಯ ಲೆಕ್ಕವೊಂದೇ ಸಾಲದು. ‘ಬೀಟ್’ ಎಂಬಲ್ಲಿನ ಈಕಾರ ‘ಬೀಡ್’ ಎಂಬಲ್ಲಿಗಿಂತ ಗಿಡ್ಡ, ಆದರೂ ಅದು ‘ಬಿಟ್’ ಆಗುವುದಿಲ್ಲ. ಈಕಾರಕ್ಕೆ ನಾಲಿಗೆ ಮೇಲೆದ್ದು ಮುಂದೆ ಬರುತ್ತದೆ, ತುಟಿ ಅಗಲವಾಗುತ್ತದೆ. ಇಂಗ್ಲಿಷಿನ ಹ್ರಸ್ವ ಇಕಾರಕ್ಕೆ ಎರಡೂ ಸಡಿಲ. ಇದಕ್ಕೆ ಮಕ್ಕಳ ಕೈಗೆ ಚಿಕ್ಕ ಕನ್ನಡಿ ಕೊಟ್ಟು, ತಮ್ಮ ತುಟಿಯನ್ನು ತಾವೇ ನೋಡಿಕೊಳ್ಳುತ್ತ ಹೇಳಿಸುತ್ತೇನೆ.